ಹದಿನೇಳನೆಯ ಸಾಲಿನ ಹಳದಿ

ಆ ಕಾಗದದ ಹಿಂಬದಿಯಲ್ಲಿ ಪೆನ್ಸಿಲ್ಲಿನ ಗೆರೆಗಳಿದ್ದವೇ? ಇದ್ದವು ಎಂದು ಒಂದು ಮನಸ್ಸು ಹೇಳುತ್ತಿತ್ತು. ಇದ್ದಿದ್ದರೆ ನಿನಗೆ ಕಾಣುತ್ತಿರಲಿಲ್ಲವೇ, ಕುರುಡನೇ ನೀನು, ಎಂದು ಇನ್ನೊಂದು ಮನಸ್ಸು. ತಮಾರುವಾ ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈಯಿಟ್ಟವನು ಹಾಗೆಯೇ ಕೂತಿದ್ದ. ಕಂದು ಬಣ್ಣದ ಕಾಗದ. ಮೇಲೆ ನೀಲಿ ಸೀಮೆಸುಣ್ಣದಲ್ಲಿ ಎಳೆದ ಅಂಗಿಯ ಕಂಕುಳ ತಿರುವು. ತನ್ನ ಮೇಜು, ತನ್ನ ಕಾಗದ, ತನ್ನ ಗೆರೆ. ಅದನ್ನು ಕತ್ತರಿಸುವುದಕ್ಕೆ ಯಾರನ್ನು ಕೇಳಬೇಕಿತ್ತು? ಆದರೂ ಕತ್ತರಿ ಆಡಿಸುವಾಗ ಕೆಳಗಿನಿಂದ ಏನೋ ಬೂದು ಚುಕ್ಕಿಗಳು ಕಂಡ ಹಾಗಾಗಿತ್ತು. ಹೆಂಡತಿಯ ಅಂಗಡಿ ಚೀಟಿ ಇರಬೇಕು ಅಂದುಕೊಂಡಿದ್ದ. ಅಂದುಕೊಂಡಿದ್ದ ಎಂದಮೇಲೆ, ನೋಡಿದ್ದ ಎಂದೇ ಆಯಿತಲ್ಲ.

ಗೋಡೆಯಾಚೆ ಜಗಲಿಯಲ್ಲಿ ಅವನ ಹೆಂಡತಿ ಅಕಾಯಿತಿ ಮೂರನೆಯ ದಿನವೂ ಹುಡುಕುತ್ತಿದ್ದಳು. ಚಾಪೆ ಕೊಡವುವ ಸದ್ದು, ಪೆಟ್ಟಿಗೆಯ ಮುಚ್ಚಳ ಬೀಳುವ ಸದ್ದು.

"ಹಾಸಿಗೆ ಕೆಳಗೆ ನೋಡಿದ್ಯೇನೇ?" ಇದು ಅವಳ ತಾಯಿ, ಪುರೆತು ಅಜ್ಜಿ.

"ಮೂರು ಸಲ ನೋಡಿದೆ ಅವ್ವಾ."

"ಹಂದಿ ಗೂಡಲ್ಲಿ?"

"ಹಂದಿಗೆ ಯಾಕೆ ಬೇಕು ಅದು? ಅದೇನು ತಿವಾಯಿವಾಯಿ ಹೊಲಿಯತ್ತಾ?"

"ನಮ್ಮೂರ ಹಂದಿಗೆ ಬರಲ್ಲ. ಮಾಪುಮಾಯಿ ಊರಿನ ಹಂದಿಗಳಾದ್ರೆ ಹೊಲೀತಾವೆ. ಅಲ್ಲಿನ ಹೆಂಗಸರಿಗಿಂತ ನೀಟಾಗಿ."

ಅಜ್ಜಿ ತನ್ನ ಮಾತಿಗೆ ತಾನೇ ನಕ್ಕಳು. ಅಕಾಯಿತಿ ನಗಲಿಲ್ಲ.

ಮಗಳು ಕಿಮಿಯೋರಾಳ ಮದುವೆಗೆ ಇನ್ನು ಐದು ವಾರ. ಅತಿಯೂ ದ್ವೀಪದಲ್ಲಿ ಮಗಳನ್ನು ತಿವಾಯಿವಾಯಿ ಹೊದಿಕೆಯಿಲ್ಲದೆ ಕಳಿಸುವವರಿಲ್ಲ. ಹೊದಿಕೆ ಎಂದರೆ ಹೊದೆಯುವುದಕ್ಕಲ್ಲ. ಪೆಟ್ಟಿಗೆಯಲ್ಲಿಟ್ಟು, ಮದುವೆಗೆ, ಮಗುವಿಗೆ, ಕೊನೆಗೆ ಮಣ್ಣಿಗೆ ಹೋಗುವಾಗ ತೆಗೆಯುವುದಕ್ಕೆ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಬಟ್ಟೆಯ ಚೌಕಗಳು, ಸಾವಿರಾರು, ಒಂದಕ್ಕೊಂದು ಕೂಡಿ ಹೂವಾಗಬೇಕು. ಅರೆಯೋರಾ ಊರಿನ ಎಂಟು ಹೆಂಗಸರು ಜಗಲಿಯಲ್ಲಿ ಸೂಜಿ ದಾರ ಹಿಡಿದು ಕೂರುತ್ತಾರೆ. ಒಬ್ಬಳು ಕಾಗದ ನೋಡಿ ಕೂಗುತ್ತಾಳೆ: ಕೆಂಪು ಎರಡು, ಬಿಳಿ ಒಂದು, ಹಸಿರು ಮೂರು. ಎಂಟೂ ಜನ ಅದೇ ಕ್ರಮದಲ್ಲಿ ಚೌಕಗಳನ್ನು ಹೂಮಾಲೆಯಂತೆ ದಾರಕ್ಕೆ ಪೋಣಿಸುತ್ತಾರೆ. ಸಾಲು ಮುಗಿದರೆ ಒಂದು ಗಂಟು. ಇಪ್ಪತ್ನಾಲ್ಕು ಸಾಲಾದ ಮೇಲೆ ಎಂಟು ಭಾಗಗಳನ್ನು ಹೊಲಿದು ಕೂಡಿಸಿದರೆ ಪುರೆತು ಅಜ್ಜಿಯ ಗೋಸಂಪಿಗೆ ಹೂವು ಅರಳಬೇಕು. ಏಳನೆಯ ಸಾಲಿನವರೆಗೆ ಬಂದಿತ್ತು. ಆಮೇಲೆ ಕಾಗದ ಕಾಣೆಯಾಯಿತು.

ಇನ್ನೊಂದು ಪ್ರತಿ ಇರಲಿಲ್ಲ. ಪ್ರತಿ ಮಾಡಿದರೆ ಅದಕ್ಕೆ ಕಾಲು ಬರುತ್ತದೆ, ಕಾಲು ಬಂದದ್ದು ಆಚೆ ಊರಿಗೆ ಹೋಗುತ್ತದೆ ಎನ್ನುವುದು ಅಜ್ಜಿಯ ನಂಬಿಕೆ. ನಾಲ್ಕು ವರ್ಷದ ಹಿಂದೆ, ಕಣ್ಣು ಮಬ್ಬಾಗುತ್ತಿದ್ದಾಗ, "ಇದು ಕೊನೇದು, ಇನ್ನು ನನ್ನ ಕೈಯಲ್ಲಿ ಬರೆಯೋಕಾಗಲ್ಲ" ಎಂದು ಅಳಿಯನಿಂದಲೇ ಒಂದು ಹಾಳೆ ಕೇಳಿ ಬರೆದದ್ದು ಅದು. ಈಗ ಅವಳಿಗೆ ಬೆಳಕು ಮಾತ್ರ ಕಾಣುತ್ತಿತ್ತು. "ನೆನಪಿದ್ಯಾ ಅವ್ವಾ?" ಎಂದು ಕೇಳಿದರೆ, "ನೆನಪಿಟ್ಕೊಳ್ಳೋದು ಕಾಗದದ ಕೆಲಸ. ನಾನು ಬರೆದೆ, ಮರೆತೆ" ಎಂದಿದ್ದಳು.

"ನನಗೆ ಗೊತ್ತು ಯಾರು ಅಂತ," ಅಕಾಯಿತಿ ಈಗ ದನಿಯೇರಿಸಿದಳು. "ಮಂಗಳವಾರ ನಾವು ಪೋಣಿಸ್ತಾ ಇರುವಾಗ ಯಾರು ಬಂದ್ರು? ಮಾಪುಮಾಯಿಯಿಂದ ಹುಡುಗನ ಅತ್ತೆಯರಿಬ್ಬರು. ಬಾಳೆಹಣ್ಣು ಬೇಯಿಸಿ ಮಾಡಿದ ಪೋಕೆ ತಂದೆವು ಅಂತ. ಪೋಕೆ ಕೊಡೋಕೆ ಎರಡು ಗಂಟೆ ಬೇಕಾ? ಕಣ್ಣೆಲ್ಲ ನಮ್ಮ ದಾರದ ಮೇಲೇ."

"ಅಮ್ಮಾ, ಅವರು ಸುಮ್ನೆ ನೋಡಿದ್ರು," ಎಂದಳು ಕಿಮಿಯೋರಾ.

"ನಿನ್ನ ಅತ್ತೆಯರು ಅಂತ ನಿನಗೆ ಈಗಲೇ ಅಕ್ಕರೆ. ನಾನು ಭಾನುವಾರ ಚರ್ಚು ಬಿಟ್ಟ ಮೇಲೆ ನೇರವಾಗಿ ಕೇಳಿಬಿಡ್ತೀನಿ. ಎಲ್ಲರ ಮುಂದೆ."

"ಕೇಳಿದ್ರೆ ಈ ಮದುವೆ ಆದ ಹಾಗೇ. ಅಪ್ಪಾ! ನೀನಾದ್ರೂ ಹೇಳು!"

ತಮಾರುವಾ ಗಾಲಿಯನ್ನು ಒಂದು ಸುತ್ತು ತಿರುಗಿಸಿದ. ಅದೇ ಅವನ ಉತ್ತರ. ಊರಿನ ದರ್ಜಿ ಅವನು. ಮೂವತ್ತೈದು ವರ್ಷಗಳಲ್ಲಿ ಒಂದು ಚಿಂದಿಯನ್ನೂ ಎಸೆದವನಲ್ಲ, ಒಂದು ಮಾತನ್ನೂ ಹೆಚ್ಚಿಗೆ ಖರ್ಚು ಮಾಡಿದವನಲ್ಲ. ಗೋಡೆಗೆ ಒರಗಿಸಿದ ಅಕ್ಕಿ ಚೀಲಗಳಲ್ಲಿ ಬಣ್ಣ ಬಣ್ಣವಾಗಿ ಬೇರ್ಪಡಿಸಿಟ್ಟ ತುಂಡುಗಳಿದ್ದವು: ಶಾಲೆಯ ಸಮವಸ್ತ್ರದ ನೀಲಿ, ಚರ್ಚಿನ ಹಾಡುಗಾರರ ಬಿಳಿ, ಕುಣಿತದ ತಂಡದ ಕೆಂಪು. ಜಗಲಿಯ ದಾರಗಳಲ್ಲಿದ್ದ ಪ್ರತಿಯೊಂದು ಚೌಕವೂ ಈ ಚೀಲಗಳಿಂದಲೇ ಹೋದದ್ದು. ಕಾಗದವನ್ನೂ ಅವನು ಹೀಗೆಯೇ ಕೂಡಿಡುತ್ತಿದ್ದ. ಹಳೆಯ ಅಳತೆಯ ಹಾಳೆಗಳನ್ನು ಪಟ್ಟಿಯಾಗಿ ಕತ್ತರಿಸಿ, ಗಿರಾಕಿಯ ಹೆಸರು ಬರೆದು, ಮಡಿಸಿ, ಹೊಲಿದ ಅಂಗಿಗೆ ಗುಂಡುಸೂಜಿಯಿಂದ ಚುಚ್ಚುತ್ತಿದ್ದ.

ಮಂಗಳವಾರ ಸಂಜೆ ಹನ್ನೆರಡು ಅಂಗಿಗಳಿಗೆ ಹಾಗೆ ಚುಚ್ಚಿದ್ದ. ಬುಧವಾರ ಕೊಟ್ಟು ಬಂದಿದ್ದ.

ಅವನು ಬಗ್ಗಿ ಮೇಜಿನಡಿಯ ಬುಟ್ಟಿಗೆ ಕೈ ಹಾಕಿದ. ತುದಿಯಲ್ಲಿ ಉಳಿದ ಒಂದು ಮುಕ್ಕೋನದ ತುಣುಕು ಸಿಕ್ಕಿತು. ಮಗುಚಿ ನೋಡಿದ. ನಾಲ್ಕು ಪುಟ್ಟ ಮನೆಗಳು, ಪ್ರತಿಯೊಂದರಲ್ಲೂ ಒಂದು ಬಣ್ಣದ ಮೊದಲಕ್ಷರ. ಪುರೆತು ಅಜ್ಜಿಯ, ಗಾಳಿಗೆ ಬಾಗಿದ ತೆಂಗಿನ ಹಾಗಿನ ಅಕ್ಷರ.

ಈಗಲೇ ಎದ್ದು ಹೋಗಿ ಹೇಳಬಹುದಿತ್ತು. ಆದರೆ ಬರಿಗೈಯಲ್ಲಿ ಏನೆಂದು ಹೇಳುವುದು? ಅತಿಥಿಗಳು ಬಂದ ಗಡಿಬಿಡಿಯಲ್ಲಿ ಅಕಾಯಿತಿ ಅದನ್ನು ಇವನ ಮೇಜಿನ ಮೇಲಿಟ್ಟಿದ್ದಳು, ಸೀಮೆಸುಣ್ಣದ ಮಗ್ಗುಲು ಮೇಲಾಗಿ. ತಪ್ಪು ಅವಳದ್ದೂ ಹೌದು. ಹೇಳಿದರೆ ಹಾಗೆ ದೂರಿದಂತೆಯೂ ಆಗುತ್ತದೆ. ಕಳೆದದ್ದನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದರೆ ಅರ್ಧ ಹೇಳಿದರೂ ಸಾಕು. ಅವನು ತುಣುಕನ್ನು ಜೇಬಿಗೆ ಹಾಕಿಕೊಂಡ.

ಹನ್ನೆರಡು ಅಂಗಿಗಳೂ ತುಮುನು ಗುಂಪಿನವರದ್ದು. ಶುಕ್ರವಾರ ಬಿಸಿಲಿಳಿಯುವ ಹೊತ್ತಿಗೆ ಅವರು ಕಾಡಂಚಿನ ಗರಿ ಮಾಡಿನ ಕೆಳಗೆ ಸೇರುತ್ತಾರೆ. ನಡುವೆ ತುಮುನು, ಅಂದರೆ ಒಳಗನ್ನು ಕೊರೆದ ತೆಂಗಿನ ಬೊಡ್ಡೆ, ಅದರಲ್ಲಿ ಕಿತ್ತಳೆ ಹಣ್ಣಿನ ಹೆಂಡ. ನೂರೋವಾ ಎಂಬ ದಪ್ಪ ಮನುಷ್ಯ ಚಿಪ್ಪಿನಲ್ಲಿ ತೋಡಿ ತೋಡಿ ಒಬ್ಬೊಬ್ಬರಿಗೇ ಕೊಡುತ್ತಾನೆ. ಕೊಟ್ಟದ್ದನ್ನು ಒಂದೇ ಗುಟುಕಿಗೆ ಕುಡಿದು ಚಿಪ್ಪು ಹಿಂತಿರುಗಿಸಬೇಕು. ತಮಾರುವಾ ವರ್ಷಕ್ಕೆ ಎರಡು ಸಲ ಬಂದು, ಎರಡು ಚಿಪ್ಪು ಕುಡಿದು, ಮಾತಾಡದೆ ಎದ್ದುಹೋಗುವವನು.

ಆ ಸಂಜೆ ಅವನು ಹೋದಾಗ ಪ್ರಾರ್ಥನೆ ಮುಗಿದು ಒಂದು ಸುತ್ತು ಆಗಿತ್ತು. ಹನ್ನೆರಡು ಜನರೂ ಹೊಸ ಅಂಗಿ ತೊಟ್ಟು ಕೂತಿದ್ದರು, ಒಂದೇ ಗಿಡದ ಹೂಗಳ ಹಾಗೆ.

"ಏನು ದರ್ಜಿ, ಅಂಗಿ ವಾಪಸ್ ಕೇಳೋಕೆ ಬಂದ್ಯಾ?" ಎಂದ ನೂರೋವಾ.

ತಮಾರುವಾ ಚಿಪ್ಪು ಖಾಲಿ ಮಾಡಿ ಕೊಟ್ಟ. "ಅಂಗಿ ಬೇಡ. ಅದಕ್ಕೆ ಚುಚ್ಚಿದ್ದ ಚೀಟಿ ಬೇಕು."

ಗಿಟಾರು ನಿಂತಿತು. ಎಲ್ಲರೂ ಅವನ ಮುಖ ನೋಡಿದರು.

"ಇಷ್ಟು ವರ್ಷದಲ್ಲಿ ಇವನಾಡಿದ ಉದ್ದದ ಮಾತು ಇದೇ ಕಣ್ರೋ," ಎಂದ ನೂರೋವಾ. "ಇನ್ನೊಂದು ಚಿಪ್ಪು ಕೊಡಿ, ಭಾಷಣ ಮಾಡ್ತಾನೆ."

ಕೊಟ್ಟರು. ಅವನು ನಿಜವಾಗಿಯೂ ಭಾಷಣದಷ್ಟು ಮಾತಾಡಿದ. ಮಂಗಳವಾರ, ಕಂದು ಹಾಳೆ, ಸೀಮೆಸುಣ್ಣ, ಭಾನುವಾರದ ಚರ್ಚು. ನಗುತ್ತ ಕೇಳುತ್ತಿದ್ದವರು ಒಬ್ಬೊಬ್ಬರಾಗಿ ನಗುವುದನ್ನು ಬಿಟ್ಟರು.

"ಪುರೆತಜ್ಜಿಯ ಕಾಗದವಾ?" ಒಬ್ಬ ಮೆಲ್ಲಗೆ ಕೇಳಿದ. "ಮಾರಾಯ, ಆ ಎಂಟು ಜನರಲ್ಲಿ ನನ್ನ ಹೆಂಡ್ತೀನೂ ಒಬ್ಬಳು. ಅದು ನಮ್ಮನೇಲಿದೆ ಅಂತ ಗೊತ್ತಾದ್ರೆ ನಾನು ಇವತ್ತು ಮಲಗೋದು ಇಲ್ಲೇ."

"ನಿನ್ನದು ನಿನ್ನ ಬೆನ್ನ ಮೇಲೇ ಇದೆಯಲ್ಲೋ ನೂರೋವಾ!" ಎಂದ ಪಕ್ಕದವನು. ನೂರೋವಾನ ಕಾಲರಿನ ಹಿಂದೆ ಚೀಟಿ ಗುಂಡುಸೂಜಿಯ ಸಮೇತ ನೇತಾಡುತ್ತಿತ್ತು. ಎರಡು ದಿನದಿಂದ ಅವನು ಹೆಸರಿನ ಪಟ್ಟಿ ಹೊತ್ತುಕೊಂಡೇ ಊರೆಲ್ಲ ತಿರುಗಿದ್ದ.

"ಅದಕ್ಕೇ ಎಲ್ರೂ ನನ್ನ ಹೆಸರು ಹಿಡಿದು ಮಾತಾಡಿಸ್ತಾ ಇದ್ರು," ಎಂದ ನೂರೋವಾ. "ನನಗೆ ಗೌರವ ಜಾಸ್ತಿ ಆಯ್ತು ಅಂದ್ಕೊಂಡಿದ್ದೆ."

ಗಿಟಾರಿನವನು ಗುಂಯ್‌ಗುಟ್ಟುತ್ತಿದ್ದ ತಂತಿಯ ಅಡಿಯಿಂದ ಒಂದು ಮಡಿಕೆ ಎಳೆದು ಕೊಟ್ಟ. ಇನ್ನೊಬ್ಬನ ಟೋಪಿಯ ಪಟ್ಟಿಯೊಳಗೆ ಒಂದಿತ್ತು. ಮೂವರ ಜೇಬಿನಲ್ಲೇ ಇದ್ದವು. ಒಬ್ಬ ಬೈಬಲ್ಲಿನಲ್ಲಿ ಗುರುತಿಗೆ ಇಟ್ಟಿದ್ದ, ಒಬ್ಬನ ಮನೆಯಲ್ಲಿ ಅಲುಗಾಡುವ ಮೇಜಿನ ಕಾಲಿಗೆ ಸಿಕ್ಕಿಸಿತ್ತು. ಮನೆಯಲ್ಲಿ ಬಿಟ್ಟುಬಂದವರೆಲ್ಲ ಬೆಳಿಗ್ಗೆ ತಂದುಕೊಡುವುದಾಗಿ ಒಪ್ಪಿದರು. ಎಣಿಸಿದರೆ ಹನ್ನೊಂದಾಯಿತು.

"ಪಾಯೆರೆ, ನಿನ್ನದು?"

ಪಾಯೆರೆ ಮೂಲೆಯಲ್ಲಿ ಕೂತ ಮುದುಕ. ತುಟಿಯಲ್ಲಿ ಬೀಡಿಯ ತುಂಡು. ಅವನು ಅದನ್ನು ಬೆರಳಿಗೆ ತೆಗೆದುಕೊಂಡು, ಉಳಿದ ಅರ್ಧ ಅಂಗುಲವನ್ನು ದುಃಖದಿಂದ ನೋಡಿದ.

"ಸುತ್ತೋಕೆ ಕಾಗದ ಇರಲಿಲ್ಲ."

"ಯಾವಾಗ ಸುತ್ತಿದ್ದು?"

"ನೀನು ಭಾಷಣ ಶುರು ಮಾಡಿದಾಗ. ಚೆನ್ನಾಗಿ ಮಾತಾಡ್ತಿದ್ದೆ, ಅದಕ್ಕೇ ಹಚ್ಚಿದೆ."

ಮಾಡು ಹಾರಿಹೋಗುವಷ್ಟು ನಕ್ಕರು. ತಮಾರುವಾನಿಗೂ ನಗು ಬಂತು. ಎರಡು ಚಿಪ್ಪಿನ ನಗು. ಪಾಯೆರೆ ಬೂದಿಯನ್ನು ಅಂಗೈಗೆ ಕೊಡವಿ, "ಬೇಕಾ?" ಎಂದು ಚಾಚಿದ.

ಶನಿವಾರ ಬೆಳಿಗ್ಗೆ ಹೆಂಗಸರು ಟಾರೊ ಗೆಡ್ಡೆಯ ಗದ್ದೆಗೆ ಹೋದ ಮೇಲೆ ಅವನು ಹನ್ನೊಂದು ಪಟ್ಟಿಗಳನ್ನು ಮೇಜಿನ ಮೇಲೆ ಜೋಡಿಸಿದ. ಅಜ್ಜಿ ಅಂಚಿನಲ್ಲಿ ಸಾಲಿನ ಸಂಖ್ಯೆ ಬರೆದಿದ್ದಳು. ಒಂದು ಪಟ್ಟಿಗೆ ಎರಡು ಸಾಲು. ಹೊಗೆಯಾಗಿ ಹೋದದ್ದು ಹದಿನೇಳು ಮತ್ತು ಹದಿನೆಂಟು. ದಳವು ತುಂಬಿಕೊಂಡು ಹೊರಳುವ ಜಾಗ. ಅಲ್ಲಿ ತಪ್ಪಿದರೆ ಹೂವು ಎಲೆಕೋಸಾಗುತ್ತದೆ, ಅದೂ ಎಂಟು ಸಲ.

ಅವನು ಪೆನ್ಸಿಲು ಚೂಪು ಮಾಡಿಕೊಂಡು ಕೂತ. ಹದಿನಾರನೆಯ ಸಾಲನ್ನು ನೋಡಿದ, ಹತ್ತೊಂಬತ್ತನೆಯದನ್ನು ನೋಡಿದ. ಇತ್ತ ಬಿಳಿ ಆರು, ಅತ್ತ ಬಿಳಿ ಒಂಬತ್ತು. ನಡುವೆ ಏಳು, ಎಂಟು ಎಂದು ಯಾರಾದರೂ ಹೇಳಬಹುದು. ಆದರೆ ಪುರೆತು ಅಜ್ಜಿ ಹಾಗೆ ಮೆಟ್ಟಿಲು ಕಟ್ಟಿದವಳಲ್ಲ. ಮೂವತ್ತೈದು ವರ್ಷ ಗೋಡೆಯಾಚೆಯಿಂದ ಅವನು ಅವಳ ಬಣ್ಣಗಳನ್ನು ಕೇಳಿದ್ದಾನೆ. ಕೆಂಪು ಎರಡು, ಬಿಳಿ ಒಂದು. ಆ ಕೂಗಿನ ತಾಳಕ್ಕೆ ಅವನ ಯಂತ್ರ ಓಡಿದೆ. ಚಿಕ್ಕಂದಿನಲ್ಲಿ ತಾಯಿಯ ಚಾಪೆಯ ಬಳಿ ಕೂತು ತಾನೂ ಪೋಣಿಸುತ್ತೇನೆ ಎಂದಿದ್ದ. ಹೋಗಿ ಏಡಿ ಹಿಡಿ ಎಂದು ಎಬ್ಬಿಸಿದ್ದರು. ಆಮೇಲೆ ಕೇಳಲಿಲ್ಲ. ಅಜ್ಜಿ ಹಸಿರಿನ ಪಕ್ಕಕ್ಕೆ ಬಿಳಿಯನ್ನು ನೇರವಾಗಿ ತರುವುದಿಲ್ಲ, ನಡುವೆ ಏನಾದರೂ ಒಂದನ್ನು ಇಡುತ್ತಾಳೆ, ಹೊಸ ಸೊಸೆಯ ಪಕ್ಕ ಒಬ್ಬ ಗೆಳತಿಯನ್ನು ಕೂರಿಸುವ ಹಾಗೆ. ಇದು ಅವಳ ಮಗಳಿಗೂ ಗೊತ್ತಿತ್ತೋ ಇಲ್ಲವೋ.

ಬಿಳಿ ಏಳು ಬರೆದ, ಅದರ ಕೊನೆಗೆ ಕೆಂಪು ಒಂದು. ಅಳಿಸಿದ. ಕೆಂಪು ಅಲ್ಲಿ ಗಾಯದ ಹಾಗೆ ಕಾಣುತ್ತದೆ.

ಎದ್ದು ಅಂಗಳಕ್ಕೆ ಹೋಗಿ ಗೋಸಂಪಿಗೆಯ ಮರದ ಕೆಳಗೆ ನಿಂತ. ಬಿದ್ದ ಒಂದು ಹೂವನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. ಪ್ರತಿ ದಳವೂ ಪಕ್ಕದ ದಳದ ಅಡಿಗೆ ತನ್ನ ಒಂದಂಚನ್ನು ಹುದುಗಿಸಿಕೊಂಡಿತ್ತು. ಹುದುಗುವ ಆ ಜಾಗದಲ್ಲಿ ಬಿಳಿ ಬಿಳಿಯಾಗಿರಲಿಲ್ಲ. ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಅರವತ್ತೆರಡು ವರ್ಷ ಈ ಹೂವನ್ನು ಕಿವಿಗೆ ಸಿಕ್ಕಿಸಿಕೊಂಡವನು ಇದನ್ನು ನೋಡಿದ್ದು ಈಗ.

ಆ ಹಳದಿ ಯಾವ ಚೀಲದಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಯಾವ ಚೀಲದಲ್ಲೂ ಅಲ್ಲ. ಗುಂಡಿಗಳ ಡಬ್ಬಿಯ ತಳದಲ್ಲಿ. ಕಿಮಿಯೋರಾಳಿಗೆ ಐದು ವರ್ಷವಾಗಿದ್ದಾಗ ಹೊಲಿದ ಫ್ರಾಕಿನಲ್ಲಿ ಉಳಿದ ತುಂಡು. ಆ ಫ್ರಾಕು ತೊಟ್ಟು ಅವಳು ಇದೇ ಅಂಗಳದಲ್ಲಿ ತಿರುಗಿ ತಿರುಗಿ ಬಿದ್ದಿದ್ದಳು, ಬಿದ್ದು ನಕ್ಕಿದ್ದಳು. ಯಾವುದಕ್ಕೂ ಸಾಲದಷ್ಟು ಚಿಕ್ಕ ತುಂಡು, ಯಾವುದಕ್ಕೂ ಕೊಡಲಾಗದೆ ಇಪ್ಪತ್ತು ವರ್ಷ ಇಟ್ಟುಕೊಂಡಿದ್ದ. ಅಳೆದು ನೋಡಿದ. ಎಂಟು ಭಾಗ, ಎರಡು ಸಾಲು, ಒಂದೊಂದು ಚೌಕ: ಹದಿನಾರು. ಕತ್ತರಿಯನ್ನು ಉಸಿರು ಹಿಡಿದು ಆಡಿಸಿದ. ಹದಿನಾರು ಬಂತು, ಜೊತೆಗೆ ಒಂದು ದಾರದಷ್ಟು ಅಂಚು.

ಹೊಸ ಪಟ್ಟಿಯ ಮೇಲೆ ಅಜ್ಜಿಯ ಬಾಗಿದ ಅಕ್ಷರವನ್ನೇ ಬರೆದ. ಹಿಂದೆ ನೀಲಿ ಸೀಮೆಸುಣ್ಣ ಎಳೆದು, ಪಾಯೆರೆ ಎಂದು ಹೆಸರನ್ನೂ ಹಾಕಿದ. ಮಡಿಸಿ, ಕಾಲಡಿ ಹಾಕಿ ತುಳಿದು, ಮತ್ತೆ ಬಿಡಿಸಿದ. ಆಮೇಲೆ ಹನ್ನೆರಡನ್ನೂ, ಜೇಬಿನಲ್ಲಿದ್ದ ಮುಕ್ಕೋನದ ತುಣುಕನ್ನೂ ಒಂದರ ಅಂಚಿಗೆ ಒಂದಿಟ್ಟು ಯಂತ್ರದಲ್ಲಿ ಹೊಲಿದುಬಿಟ್ಟ.

ಭಾನುವಾರ ಹೊಲಿಯುವ ಹಾಗಿಲ್ಲ, ಆದರೆ ಹೊಲಿದದ್ದನ್ನು ಕೊಡಬಹುದು. ಅಕಾಯಿತಿ ಬಿಳಿಯ ಟೋಪಿ ಇಟ್ಟು, ಮುತ್ತಿನ ಹಾರ ಹಾಕಿ, ತುಟಿ ಬಿಗಿದು ಹೊರಟಿದ್ದಳು. ಅವನು ಬಾಗಿಲಿಗೆ ಅಡ್ಡ ನಿಂತು ಕಾಗದ ಚಾಚಿದ.

ಅವಳು ನೋಡಿದಳು. ಮಗುಚಿದಳು. ಸಾಲಾಗಿ ಹನ್ನೆರಡು ಗಂಡಸರ ಹೆಸರು.

"ನೀನಾ?"

ಅವನು ತಲೆಯಾಡಿಸಿದ.

"ನಾಲ್ಕು ದಿನದಿಂದ ಗೋಡೆಯಾಚೆ ಕೂತು ಕೇಳ್ತಾ ಇದ್ದೆ?"

ಮತ್ತೆ ತಲೆಯಾಡಿಸಿದ.

"ಜಗಳ ಆಡೋಕೆ ಅಂತ ಮುತ್ತಿನ ಹಾರ ಹಾಕ್ಕೊಂಡಿದೀನಲ್ಲೋ ಪಾಪಿ! ಈಗೇನು ಮಾಡ್ಲಿ ಇದನ್ನ?"

ಕಿಮಿಯೋರಾ ನಗುತ್ತ ನೆಲಕ್ಕೇ ಕುಸಿದಳು. ಪುರೆತು ಅಜ್ಜಿ ಕುರ್ಚಿಯಿಂದ ಕೈ ಚಾಚಿ, ಹೊಲಿಗೆಗಳನ್ನು ಮುಟ್ಟಿ ನೋಡಿದಳು. "ಅಳಿಯಂದಿರು ನನ್ನ ಕಾಗದಕ್ಕೇ ತಿವಾಯಿವಾಯಿ ಹೊಲಿದಿದ್ದಾರೆ. ಹೊಲಿಗೆ ನೆಟ್ಟಗಿದೆ. ಬುದ್ಧಿ ಮಾತ್ರ ಸೊಟ್ಟ."

ಆ ದಿನ ಚರ್ಚಿನ ಅಂಗಳದಲ್ಲಿ ಅಕಾಯಿತಿ ಮಾಪುಮಾಯಿಯ ಅತ್ತೆಯರಿಬ್ಬರನ್ನೂ ಎಷ್ಟು ಬಿಗಿಯಾಗಿ ಅಪ್ಪಿಕೊಂಡಳೆಂದರೆ, ಇವಳು ನಮ್ಮ ಮನೆಯಿಂದ ಏನನ್ನೋ ಕದ್ದಿರಬೇಕು ಎಂದು ಅವರಿಗೇ ಅನುಮಾನ ಬಂತು.

ಸೋಮವಾರ ಜಗಲಿ ತುಂಬಿತು. ಎಂಟು, ಒಂಬತ್ತು, ಹತ್ತು. ಹೆಂಗಸರು ಪ್ರತಿ ಪಟ್ಟಿಗೂ ಅದರ ಹಿಂದಿನ ಹೆಸರು ಹಿಡಿದು ಗೇಲಿ ಮಾಡಿದರು. ನೂರೋವಾನ ಸಾಲು ಅವನ ಹಾಗೇ ಅಗಲ, ಗಿಟಾರಿನವನದು ಬರೀ ಕೆಂಪು. ತಮಾರುವಾ ಒಳಗೆ ಒಂದು ತೋಳನ್ನು ಹೊಲಿಯುವ ಹಾಗೆ ಮಾಡುತ್ತಿದ್ದ. ಯಂತ್ರದಲ್ಲಿ ದಾರವಿರಲಿಲ್ಲ.

"ಹದಿನೇಳು, ಪಾಯೆರೆಯದು," ಅಕಾಯಿತಿ ಓದಿದಳು. "ಹಸಿರು ನಾಲ್ಕು. ಕೆಂಪು ಒಂದು. ಬಿಳಿ ಏಳು. ಹಳದಿ..." ನಿಂತಳು. "ತಿಳಿಹಳದಿ ಒಂದು ಅಂತಿದೆ. ಯಾವ ತಿಳಿಹಳದಿ? ನಮ್ಮ ಹತ್ರ ಹೂವಿನ ನಡುವಿನ ಗಾಢ ಹಳದಿ ಬಿಟ್ಟು ಬೇರೆ ಇಲ್ವಲ್ಲ."

ಅವನು ಎದ್ದು ಹೋಗಿ ಬಾಗಿಲಲ್ಲಿ ನಿಂತು ಗುಂಡಿಯ ಡಬ್ಬಿ ಚಾಚಿದ. ಅಕಾಯಿತಿ ಡಬ್ಬಿಯನ್ನು ನೋಡಿದಳು, ಅವನನ್ನು ನೋಡಿದಳು, ಕಾಗದವನ್ನು ಕಣ್ಣಿನ ಹತ್ತಿರ ತಂದುಕೊಂಡಳು.

"ಅವ್ವಾ, ನೀನು ಇಲ್ಲಿ ತಿಳಿಹಳದಿ ಬರೆದಿದ್ಯಾ?"

"ಕೊಡಿಲ್ಲಿ," ಎಂದಳು ಪುರೆತು ಅಜ್ಜಿ.

ಒಂದು ಚೌಕ ಅವಳ ಕೈಗೆ ಹೋಯಿತು. ಅವಳು ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ತಿರುವಿದಳು. ನವಿರಾದ, ಸಣ್ಣ ಗೀರುಗಳಿದ್ದ ಬಟ್ಟೆ. ಮೊಮ್ಮಗಳ ಆ ಫ್ರಾಕಿಗೆ ಕುತ್ತಿಗೆಯ ಸುತ್ತ ಹೂ ಹೆಣೆದವಳು ಅವಳೇ. ಎಂಟು ಸೂಜಿಗಳು ಗಾಳಿಯಲ್ಲಿ ಕಾದವು. ಅಜ್ಜಿ ಬೆಳಕು ಮಾತ್ರ ಕಾಣುವ ಕಣ್ಣನ್ನು ಬಾಗಿಲ ಕಡೆ ತಿರುಗಿಸಿದಳು. ಅಲ್ಲಿ ಬೆಳಕಿಗೆ ಅಡ್ಡವಾಗಿ ಅವನು ನಿಂತಿದ್ದ.

"ಹೂಂ. ನಾನೇ ಬರೆದದ್ದು," ಎಂದಳು. "ದಳ ಮಡಚೋ ಜಾಗ ಅದು. ಅಲ್ಲಿ ಬಿಳಿ ಹಾಕೋಳು ಹೂವನ್ನೇ ನೋಡಿಲ್ಲ ಅಂತ ಅರ್ಥ. ಮುಂದೆ ಓದೇ, ಸಂಜೆ ಆಗತ್ತೆ."

ಎಂಟು ಸೂಜಿಗಳು ಎಂಟು ಹಳದಿ ಚೌಕಗಳಿಗೆ ಇಳಿದವು.

ಮದುವೆಯ ದಿನ ವಧೂವರರ ಕುರ್ಚಿಗೆ ಆ ಹೊದಿಕೆಯನ್ನು ಹಾಸಿದ್ದರು. ಮಾಪುಮಾಯಿಯ ಅತ್ತೆಯರು ಈ ಸಲ ಯಾರ ಹೆದರಿಕೆಯೂ ಇಲ್ಲದೆ ಹತ್ತಿರ ಬಂದು, ಬಗ್ಗಿ, ದಳಗಳ ಮಡಿಕೆಯ ಮೇಲೆ ಬೆರಳಾಡಿಸಿದರು. ಇಂಥ ಗೋಸಂಪಿಗೆ ಈ ದ್ವೀಪದಲ್ಲಿ ಇನ್ನೊಂದಿಲ್ಲ, ಈ ಹಳದಿ ಹೊಳೆಯಬೇಕಾದರೆ ಪುರೆತುವಿನ ತಲೆಯೇ ಬೇಕು ಎಂದರು. ಅಜ್ಜಿ ಗತ್ತಿನಿಂದ ತಲೆದೂಗಿದಳು. ಪಾಯೆರೆ ದೂರದಲ್ಲಿ ಕೂತು, ತನ್ನ ಪಾಲಿನದು ಯಾವುದೆಂದು ತಿಳಿಯದೆ, ಬೀಡಿ ಸೇದುತ್ತಿದ್ದ. ಕಿಮಿಯೋರಾ ಕೂರುವ ಮೊದಲು ಒಂದು ಸುತ್ತು ತಿರುಗಿದಳು. ಈ ಸಲ ಬೀಳಲಿಲ್ಲ.

"ಅಪ್ಪಾ, ಚೆನ್ನಾಗಿದೆ ಅಲ್ವಾ?" ಎಂದು ಕೇಳಿದಳು.

ತಮಾರುವಾ ಹೂಂ ಎಂದ. ಹದಿನೇಳು, ಹದಿನೆಂಟನೆಯ ಸಾಲುಗಳು ತನ್ನವೆಂದು ಅವನು ಅವಳಿಗೂ ಹೇಳಲಿಲ್ಲ, ಮತ್ತಾರಿಗೂ ಹೇಳಲಿಲ್ಲ.